ಹತ್ಯಾರದ ಪೆಟ್ಟಿಗೆಗೆ ಗಾಲಿ ಕಟ್ಟಿದ್ದು

ನಮ್ಮ ಮನೆಯ ಹತ್ಯಾರದ ಪೆಟ್ಟಿಗೆಯನ್ನು ಸುಧಾರಿಸಿದವನು ನಾನು. ಗಾಲಿ ಹಾಕಿದೆ, ಹಿಡಿಕೆ ಹಾಕಿದೆ, ಒಳಗೆ ಖಾನೆ ಮಾಡಿದೆ, ಮುಚ್ಚಳದ ಒಳಮೈಗೆ ಗರಗಸ ಸಿಕ್ಕಿಸುವ ಪಟ್ಟಿ ಬಡಿದೆ. ಇಡೀ ಗೋಕಾಕದಲ್ಲಿ ಅಂಥ ಪೆಟ್ಟಿಗೆ ಇನ್ನೊಂದಿರಲಿಲ್ಲ. ನೋಡಿದವರೆಲ್ಲ ನನ್ನನ್ನು ಶ್ಯಾಣ್ಯಾ, ಜಾಣ ಅಂದರು, ನಾನೂ ಹೌದೆಂದುಕೊಂಡೆ. ಆ ಶ್ಯಾಣ್ಯಾತನಕ್ಕಿಷ್ಟು ಬೆಂಕಿ ಬೀಳಲಿ ಎಂದು ಈಗ ದಿನಕ್ಕೊಮ್ಮೆಯಾದರೂ ಅಂದುಕೊಳ್ಳುತ್ತೇನೆ.

ಅದು ಅಣ್ಣನ ಪೆಟ್ಟಿಗೆ. ಅವನಿಗಿಂತ ಮೊದಲು ಅಪ್ಪನದು. ಸಾಗವಾನಿ ಹಲಗೆಯದು, ಎರಡು ಮೊಳ ಉದ್ದ, ಮೂಲೆಗಳಿಗೆ ಹಿತ್ತಾಳೆಯ ಪಟ್ಟಿ. ಬಾಚಿ, ಉಳಿ, ಕೊಡತಿ, ಗರಗಸ, ಮರ ಕೀಸುವ ರಂದಾ ಎಲ್ಲ ತುಂಬಿದರೆ ಗಟ್ಟಿಮುಟ್ಟಾದ ಆಳು ಕೂಡ ಒಮ್ಮೆ ಉಸಿರು ಬಿಗಿಹಿಡಿದೇ ಎತ್ತಬೇಕು. ನಮ್ಮ ಬಡಿಗರ ಮನೆಗಳಲ್ಲಿ ಒಂದು ರೂಢಿ. ಹತ್ಯಾರದ ಪೆಟ್ಟಿಗೆಯನ್ನು ಅದರ ಒಡೆಯನೇ ಹೊರಬೇಕು, ಅವನೇ ತೆರೆಯಬೇಕು. ಕೈಕೆಳಗೆ ಕೆಲಸ ಮಾಡುವವರು ಬೇಕಾದ ಹತ್ಯಾರವನ್ನು ಕೇಳಿ ಇಸಿದುಕೊಳ್ಳಬೇಕೇ ಹೊರತು ಪೆಟ್ಟಿಗೆಗೆ ಕೈ ಹಾಕುವಂತಿಲ್ಲ. ಒಬ್ಬನ ಪೆಟ್ಟಿಗೆ ಇನ್ನೊಬ್ಬನ ಹೆಗಲೇರಿತು ಅಂದರೆ ಅವನ ಕಸುಬು ಮುಗಿಯಿತು ಎಂದೇ ಲೆಕ್ಕ. ಹಾಗೆಂದು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೆ ಎಲ್ಲರಿಗೂ ಗೊತ್ತಿರುವ ಮಾತು.

ಅಪ್ಪನನ್ನು ನಾನು ಕಂಡವನಲ್ಲ. ನಾನು ತೊಟ್ಟಿಲಲ್ಲಿದ್ದಾಗ ಪ್ಲೇಗಿನಲ್ಲಿ ತೀರಿಕೊಂಡ. ಅವನದೊಂದು ಫೋಟೋ ಇಲ್ಲ. ನಮ್ಮಂಥವರ ಫೋಟೋ ಆಗ ಯಾರು ತೆಗೆಯುತ್ತಿದ್ದರು? ಅಣ್ಣನಿಗೆ ಆಗ ಹದಿಮೂರು. ತುಂಬಿದ ಪೆಟ್ಟಿಗೆ ಅವನಿಂದ ಏಳುತ್ತಿರಲಿಲ್ಲವಂತೆ. ಅರ್ಧ ಹತ್ಯಾರ ಮನೆಯಲ್ಲಿಟ್ಟು, ಅರ್ಧ ತುಂಬಿದ ಪೆಟ್ಟಿಗೆಯನ್ನು ಹೊತ್ತೊಯ್ದು ಕೆಲಸದ ಕಡೆ ಇಟ್ಟು, ಓಡಿ ಬಂದು ಉಳಿದದ್ದನ್ನು ಮಡಿಲಲ್ಲಿ ಕಟ್ಟಿಕೊಂಡು ಹೋಗುತ್ತಿದ್ದನಂತೆ. ಹಾಗೆ ದುಡಿದು ಅವ್ವನನ್ನು ಸಾಕಿದ, ನನ್ನನ್ನು ಸಾಲಿಗೆ ಕಳಿಸಿದ. ಅವ್ವ ಹೋದ ಮೇಲೆ ನನಗೆ ತುತ್ತು ಹಾಕಿ ಬೆಳೆಸಿದವಳು ಅಣ್ಣನ ಹೆಂಡತಿ, ನಮ್ಮ ವೈನಿ.

ನನಗೆ ಹದಿನಾರು ತುಂಬಿದ ವರ್ಷ, ಬರುವ ದಸರೆಗೆ ನನಗೆ ಹತ್ಯಾರ ಕೊಡುವುದೆಂದು ಅಣ್ಣ ನಿಶ್ಚಯ ಮಾಡಿದ್ದ. ಹತ್ಯಾರ ಕೊಡುವುದೆಂದರೆ ನಮ್ಮಲ್ಲಿ ಕಸುಬಿಗೆ ಸೇರಿಸಿಕೊಳ್ಳುವ ಶಾಸ್ತ್ರ. ನಾನು ಆ ದಸರೆಯ ತನಕ ಕಾಯಲಿಲ್ಲ. ಧಬಧಬಿಯ, ಅಂದರೆ ಗೋಕಾಕ ಜಲಪಾತದ, ಹತ್ತಿರದ ನೂಲಿನ ಗಿರಣಿಯಲ್ಲಿ ಮರಗೆಲಸದ ಖಾತೆಗೆ ಹುಡುಗರನ್ನು ತೆಗೆದುಕೊಳ್ಳುತ್ತಿದ್ದಾರೆ ಎಂದು ಕೇಳಿ ಹೋಗಿ ಸೇರಿಬಿಟ್ಟೆ. ತಿಂಗಳಿಗೆ ಸರಿಯಾಗಿ ಪಗಾರ, ಭೋಂಗಾ ಕೂಗಿದರೆ ಕೆಲಸ, ಭೋಂಗಾ ಕೂಗಿದರೆ ಬಿಡುಗಡೆ. ಹತ್ಯಾರವೂ ಗಿರಣಿಯದೇ, ಹೆಗಲ ಮೇಲೆ ಏನೂ ಹೊರಬೇಕಾಗಿಲ್ಲ. ಅಣ್ಣ ಬೈಯಲಿಲ್ಲ. ಮೂರು ತಿಂಗಳು ನನ್ನ ಜೋಡಿ ಮಾತಾಡಲಿಲ್ಲ, ಅಷ್ಟೆ.

ಆಮೇಲೆ ಎಲ್ಲ ಸರಿಹೋಯಿತು. ನನ್ನ ಮದುವೆಯನ್ನೂ ಅವನೇ ನಿಂತು ಮಾಡಿದ. ನಾನು ಗಿರಣಿಯ ಚಾಳಿನಲ್ಲಿ ಸಂಸಾರ ಹೂಡಿದೆ, ಅವನು ಪೆಟ್ಟಿಗೆ ಹೊತ್ತು ಮೂಡಲಗಿ, ಕೌಜಲಗಿ, ಹುಕ್ಕೇರಿ ಅಂತ ಮನೆಗಳ ತೊಲೆ, ಬಾಗಿಲು ಮಾಡಿಕೊಂಡಿದ್ದ. ಹೀಗೆ ಹದಿನೈದು ವರ್ಷ ಕಳೆದವು.

ಯುದ್ಧ ಶುರುವಾಗುವುದರ ಹಿಂದಿನ ವರ್ಷ ಹುಕ್ಕೇರಿಯಲ್ಲಿ ಒಂದು ಮನೆಗೆ ತೊಲೆ ಏರಿಸುವಾಗ ಹಗ್ಗ ಜಾರಿತು. ಕೆಳಗೆ ಇಬ್ಬರು ಆಳುಗಳಿದ್ದರು. ಅವರ ಮೇಲೆ ಬೀಳುವ ತೊಲೆಗೆ ಅಣ್ಣ ಹೆಗಲು ಕೊಟ್ಟ. ಆಳುಗಳು ಉಳಿದರು, ಅವನ ಟೊಂಕ ಮುರಿದಂತಾಯಿತು. ಚಕ್ಕಡಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ತಂದರು. ಎಲುಬು ಕೂಡಿಸುವವನು ಎರಡು ತಿಂಗಳು ಎಣ್ಣೆ ತಿಕ್ಕಿ ಪಟ್ಟಿ ಕಟ್ಟಿದ. ಕಡೆಗೆ ಅವನು ಹೇಳಿದ್ದೇನೆಂದರೆ, ಇನ್ನೆರಡು ತಿಂಗಳಲ್ಲಿ ಎದ್ದು ಓಡಾಡಬಹುದು, ನಿಂತು ಕೆಲಸವನ್ನೂ ಮಾಡಬಹುದು, ಆದರೆ ಬಗ್ಗುವಂತಿಲ್ಲ, ಜೀವ ಇರುವ ತನಕ ಭಾರ ಎತ್ತುವಂತಿಲ್ಲ.

ಅಣ್ಣನ ಕಿವಿಗೆ ಬಿದ್ದದ್ದು ಆ ಕಡೆಯ ಮಾತೊಂದೇ. ಮಲಗಿದಲ್ಲಿಂದಲೇ ಮೂಲೆಯ ಪೆಟ್ಟಿಗೆಯನ್ನು ನೋಡುತ್ತಿದ್ದ. ನಾನು ಹೊತ್ತುಕೊಂಡು ಬರುತ್ತೇನೆ, ಆಳು ಇಡೋಣ ಎಂದೆಲ್ಲ ಹೇಳಿ ನೋಡಿದೆ.

“ಪೆಟಿಗಿ ಹೊರಾಕ ಬರದಾವ ಎಂಥಾ ಬಡಿಗ್ಯಾ?” ಅಂದ. “ಗಿರಾಕಿ ನೋಡಿ ಹತ್ಯಾರ ಮಾರಿಬಿಡು.”

ವೈನಿ ನನ್ನನ್ನು ಹಿತ್ತಲಿಗೆ ಕರೆದು ಅತ್ತಳು. ಊಟ ಬಿಟ್ಟಿದ್ದಾರೆ, ಗೋಡೆ ನೋಡಿಕೊಂಡು ಮಲಗುತ್ತಾರೆ, ಕೆಲಸವಿಲ್ಲದೆ ಈ ಮನುಷ್ಯ ಉಳಿಯುವುದಿಲ್ಲ, ಏನಾದರೂ ಮಾಡು ಎಂದಳು. ಅಂದಿನಿಂದ ನನ್ನ ತಲೆಯಲ್ಲಿ ಬೇರೆ ಯಾವ ವಿಚಾರವೂ ಇರಲಿಲ್ಲ. ಪೆಟ್ಟಿಗೆಯನ್ನು ಅಣ್ಣ ಹೊರಲಾರ, ಬೇರೆಯವರಿಗೆ ಹೊರಲು ಕೊಡಲಾರ. ಹಾಗಾದರೆ ಅದು ತಾನೇ ನಡೆಯಬೇಕು.

ಗಿರಣಿಯಲ್ಲಿ ನೂಲಿನ ಕಂಡಿಕೆ ಸಾಗಿಸಲು ಸಣ್ಣ ಗಾಡಿಗಳಿದ್ದವು. ಮುರಿದ ಗಾಡಿಗಳ ಬೀಡುಕಬ್ಬಿಣದ ಗಾಲಿಗಳು ಹಿಂದಿನ ಅಂಗಳದಲ್ಲಿ ತುಕ್ಕು ಹಿಡಿದು ಬಿದ್ದಿದ್ದವು. ಮುಕಾದಮನನ್ನು ಕೇಳಿದೆ. ಯಾಕೆ, ಯಾರಿಗೆ ಎಂದೆಲ್ಲ ಕೇಳಿ, ಅಣ್ಣನ ಹೆಸರು ಹೇಳಿದ ಮೇಲೆ ಎರಡು ಒಳ್ಳೆಯ ಗಾಲಿ ತಾನೇ ಆರಿಸಿಕೊಟ್ಟ. ಕಂಬಾರನ ಕಡೆ ಅಚ್ಚು ಮಾಡಿಸಿದೆ. ಒಂದು ತುದಿಗೆ ಎರಡು ಗಾಲಿ, ಇನ್ನೊಂದು ತುದಿಗೆ ನೆಲಕ್ಕೆ ಆನಿಸಲು ಎರಡು ಗಿಡ್ಡ ಕಾಲು, ಗಾಲಿಯ ಕಡೆಗೆ ನಿಂತುಕೊಂಡೇ ಹಿಡಿಯುವಷ್ಟು ಎತ್ತರದ ಬಿದಿರಿನ ಹಿಡಿಕೆ. ಹಿಡಿಕೆಯನ್ನು ತುಸು ಕೆಳಗೆ ಒತ್ತಿದರೆ ಕಾಲು ಏಳುತ್ತದೆ, ಪೆಟ್ಟಿಗೆ ಗಾಲಿಯ ಮೇಲೆ ನಡೆಯುತ್ತದೆ. ಬಗ್ಗುವುದು ಬೇಡ, ಎತ್ತುವುದು ಬೇಡ. ಇದೆಲ್ಲವನ್ನೂ ಗಿರಣಿಯಲ್ಲಿ ಊಟದ ಬಿಡುವಿನಲ್ಲಿ ಹಲಗೆಯ ಮೇಲೆ ಬರೆದು, ಅಳಿಸಿ, ಬರೆದು ಗಟ್ಟಿ ಮಾಡಿಕೊಂಡೆ.

ಇನ್ನು ಉಳಿದದ್ದು ಪೆಟ್ಟಿಗೆ ನನ್ನ ಕೈಗೆ ಸಿಗುವ ದಾರಿ. ಮೊದಲೇ ಹೇಳಿದರೆ ಅಣ್ಣ ಬೇಡ ಅನ್ನುತ್ತಿದ್ದ, ಅದು ನನಗೆ ಗೊತ್ತಿತ್ತು. ಖಂಡೇನವಮಿಯ ದಿನ ನಮ್ಮಲ್ಲಿ ಹತ್ಯಾರಗಳನ್ನೆಲ್ಲ ಹೊರಗೆ ತೆಗೆದು, ಒರೆಸಿ, ಎಣ್ಣೆ ಸವರಿ, ದೇವರ ಮುಂದೆ ಸಾಲಾಗಿಟ್ಟು ಪೂಜೆ ಮಾಡುತ್ತಾರೆ. ಮರುದಿನ ಸಂಜೆ ಬನ್ನಿ ಹಂಚಿಕೊಳ್ಳುವ ತನಕ ಅವನ್ನು ಮುಟ್ಟುವಂತಿಲ್ಲ. ವರ್ಷದಲ್ಲಿ ಪೆಟ್ಟಿಗೆ ಖಾಲಿ ಇರುವುದು ಆ ಎರಡು ದಿನ ಮಾತ್ರ. ಆದರೆ ಮನೆಯ ಯಾವ ಹತ್ಯಾರವೂ ಕೈಗೆ ಸಿಗದಿರುವುದೂ ಅದೇ ಎರಡು ದಿನ. ಅದಕ್ಕಾಗಿ ಗಿರಣಿಯಿಂದ ಒಂದು ರಂದಾ, ಒಂದು ಸಣ್ಣ ಗರಗಸ, ಎರಡು ಉಳಿ ಕೇಳಿ ತಂದೆ. ಗಿರಣಿಯಲ್ಲಿ ಪೂಜೆ ಹಿಂದಿನ ದಿನವೇ ಮುಗಿದಿತ್ತು, ಅಂದ ಮೇಲೆ ಪಾಪವೇನಿಲ್ಲ ಎಂದು ನನಗೆ ನಾನೇ ನ್ಯಾಯ ಹೇಳಿಕೊಂಡೆ. ಹೆಂಡತಿ ಬಾಣಂತನಕ್ಕೆ ಹತ್ತರಗಿಯ ತವರಿಗೆ ಹೋಗಿದ್ದಳು, ಹಬ್ಬಕ್ಕೆ ನಾನೊಬ್ಬನೇ ಅಣ್ಣನ ಮನೆಗೆ ಬಂದೆ.

ಆ ವರ್ಷ ಪೆಟ್ಟಿಗೆಯ ಕೀಲಿಯನ್ನು ಅಣ್ಣ ನನ್ನ ಕೈಗೆ ಕೊಟ್ಟ. ಜನ್ಮದಲ್ಲಿ ಅದೇ ಮೊದಲ ಸಾರಿ. ಅವನು ಮಲಗಿದಲ್ಲಿಂದ ಒಂದೊಂದೇ ಹೇಳಿದ ಹಾಗೆ ಹತ್ಯಾರ ತೆಗೆದು ಜೋಡಿಸಿದೆ, ಪೂಜೆ ಮುಗಿಸಿದೆ. ಮಧ್ಯಾಹ್ನ ವೈನಿ ದೇವಿಯ ಗುಡಿಗೆ ಹೋದಳು. ನಾನು ಖಾಲಿ ಪೆಟ್ಟಿಗೆಯನ್ನು ಸದ್ದಾಗದಂತೆ ಹಿತ್ತಲಿಗೆ ಒಯ್ದೆ.

ಗಾಲಿ, ಕಾಲು, ಹಿಡಿಕೆ ತಾಸೆರಡು ತಾಸಿನಲ್ಲಿ ಕೂತವು. ಒಳಗೆ ಉಳಿಗಳಿಗೆ ಖಾನೆ ಮಾಡಿ, ತಳಕ್ಕೆ ಹಳೆಯ ಕಂಬಳಿಯ ತುಂಡು ಹಾಸಿದೆ, ಗಾಡಿ ಜಿಗಿದರೆ ಹತ್ಯಾರದ ಬಾಯಿ ಮುರಿಯಬಾರದಲ್ಲ. ಗರಗಸಗಳು ಮುಚ್ಚಳದ ಒಳಮೈಗೆ ಅಂಟಿಕೊಂಡಿರಲಿ, ಅಣ್ಣ ತಳದ ತನಕ ಬಗ್ಗದೆ ನಿಂತಲ್ಲೇ ತೆಗೆದುಕೊಳ್ಳಲಿ ಎಂದು ಅಲ್ಲಿ ತೊಗಲಿನ ಪಟ್ಟಿ ಬಡಿಯಬೇಕಾಗಿತ್ತು. ಮುಚ್ಚಳ ತೆರೆದು ನೋಡಿದರೆ ಮೂವತ್ತು ವರ್ಷದ ಎಣ್ಣೆಜಿಡ್ಡು, ದೀಪದ ಮಸಿ, ಅಡ್ಡಾದಿಡ್ಡಿ ಗೀರು. ಒಂದು ಗೀರು ಸುತ್ತಿ ಬಳಸಿ ಹೋಗಿತ್ತು. ಯಾವಾಗಿನದೋ ಹುಡುಗಾಟ ಅಂದುಕೊಂಡೆ.

ಗಿರಣಿಯಲ್ಲಿ ನಮಗೆ ಕಲಿಸಿದ್ದು ಒಂದೇ ಪಾಠ. ನೂಲು ಹಾಯುವ ಕಡೆ ಕಟ್ಟಿಗೆಯ ಮೇಲೆ ಗೀರಿರಬಾರದು. ಗೀರಿದ್ದರೆ ನೂಲು ಸಿಕ್ಕಿಕೊಳ್ಳುತ್ತದೆ, ಸಿಕ್ಕಿಕೊಂಡರೆ ಹರಿಯುತ್ತದೆ, ಹರಿದರೆ ಬೈಗುಳ. ಹದಿನೈದು ವರ್ಷ ಗೀರು ಕಂಡಲ್ಲೆಲ್ಲ ರಂದಾ ಹೊಡೆದ ಕೈ ನನ್ನದು. ಪಟ್ಟಿ ಬಡಿಯಲು ನುಣುಪು ಬೇಕೇ ಬೇಕೆಂದೇನೂ ಇರಲಿಲ್ಲ. ಜಿಡ್ಡು ಒರೆಸಿ ಮೊಳೆ ಹೊಡೆದಿದ್ದರೂ ನಡೆಯುತ್ತಿತ್ತು. ಆದರೆ ಕೈ ಕೇಳಬೇಕಲ್ಲ. ರಂದಾ ತೆಗೆದುಕೊಂಡೆ.

ನಾಲ್ಕು ಸಾರಿ ಎಳೆದಿದ್ದೆನೋ ಇಲ್ಲವೋ, ಒಳಗಿನಿಂದ ಅಣ್ಣ ಕೇಳಿದ. “ಹಬ್ಬದಾಗ ಏನು ಕೀಸಾಕತ್ತೀಯೋ?”

“ಗಿರಣಿ ಸಾಹೇಬರ ಮನೀದೊಂದು ಹಲಗಿ ಐತಣ್ಣಾ,” ಅಂದೆ. ಮರುದಿನ ತೋರಿಸಿ ಬೆರಗುಗೊಳಿಸಬೇಕೆಂಬ ಹುಮ್ಮಸ್ಸಿನಲ್ಲಿ ಆ ಸುಳ್ಳು ಸಲೀಸಾಗಿ ಬಂತು.

ಅವನು ಮಲಗಿದಲ್ಲಿಂದಲೇ ಹೇಳಿದ. “ಹಳೇ ಸಾಗವಾನಿ ದನಿ ಅದು. ಕಟಗಿ ಎಳಿ ತಿರುಗಿರತಾವ. ಹಗೂರ ತಗಿ.”

ನಾನು ಹಗೂರಾಗಿಯೇ ತೆಗೆದೆ. ಜಿಡ್ಡು ಹೋಯಿತು, ಮಸಿ ಹೋಯಿತು, ಗೀರುಗಳು ಹೋದವು. ಕೆಳಗಿನಿಂದ ಬಂಗಾರದ ಬಣ್ಣದ ಸಾಗವಾನಿ ಎದ್ದು ಬಂತು. ಕೈಯಾಡಿಸಿದರೆ ಎಲ್ಲಿಯೂ ತಡೆಯುತ್ತಿರಲಿಲ್ಲ. ಆ ದಿನ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಇಷ್ಟು ಚಲೋ ಕೆಲಸ ಹಿಂದೆ ಮಾಡಿದ್ದಿಲ್ಲ ಅನ್ನಿಸಿತು. ಕೀಸಿದ ತೆಳು ಸುರುಳಿಗಳನ್ನು ಒಂದು ಕಡೆ ಗುಡಿಸಿ ಇಟ್ಟೆ.

ಮರುದಿನ ದಸರೆ. ವೈನಿ ಬೆಳಿಗ್ಗೆ ಎದ್ದು ಆ ಸುರುಳಿಗಳನ್ನೇ ಹಂಡೆಯ ಒಲೆಗೆ ಹಾಕಿ ನೀರು ಕಾಸಿದಳು. ಟೊಂಕಕ್ಕೆ ಬಿಸಿನೀರು ಬೀಳಲಿ ಎಂದು ಅಣ್ಣನಿಗೆ ಮೊದಲು ಎರೆದೆವು. ಹೊಸ ಧೋತರ ಉಡಿಸಿ ಗೋಡೆಗೆ ಒರಗಿಸಿ ಕೂಡಿಸಿದ ಮೇಲೆ ನಾನು ಪೆಟ್ಟಿಗೆಯನ್ನು ಒಳಗೆ ನಡೆಸಿಕೊಂಡು ಬಂದೆ.

ಅವನ ಮುಖ ಬದಲಾದದ್ದನ್ನು ಇಂದಿಗೂ ಮರೆತಿಲ್ಲ. ನನ್ನ ಕಡೆ ನೋಡಿದ, ಗಾಲಿ ನೋಡಿದ. ಗೋಡೆ ಹಿಡಿದು ತಾನೇ ಎದ್ದು ನಿಂತ. ಪೆಟ್ಟು ಬಿದ್ದ ಮೇಲೆ ಅದೇ ಮೊದಲ ಸಾರಿ. ಹಿಡಿಕೆ ಹಿಡಿದು ಹಿಂದೆ ಮುಂದೆ ನಡೆಸಿ ನೋಡಿದ. ವೈನಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಆಮೇಲೆ ಮುಚ್ಚಳ ತೆರೆದ. ತೆರೆದವನು ಹಾಗೇ ನಿಂತುಬಿಟ್ಟ. ಅಂಗೈಯನ್ನು ಮುಚ್ಚಳದ ಒಳಮೈಗೆ ಇಟ್ಟ. ಬಹಳ ಹೊತ್ತು ಇಟ್ಟ. ಕಣ್ಣಲ್ಲಿ ನೀರು ತುಂಬಿಕೊಂಡಿತು.

“ನುಣುಪು ಚಲೋ ಬಂದೈತಿ,” ಅಂದ. “ಕೀಸಿದ್ದೆಲ್ಲಾ ಎಲ್ಲೈತಿ?” ಎಂದು ಕೇಳಿದ.

ನೀರಿನ ಒಲೆಗೆ ಹಾಕಿದೆನೆಂದು ವೈನಿ ಹೇಳಿದಳು. ಅವನು ತನ್ನ ಒದ್ದೆ ಕೂದಲಿನ ಮೇಲೆ ಒಮ್ಮೆ ಕೈಯಾಡಿಸಿಕೊಂಡು ಕೂತ. ಕೀಸಿದ ಕಸವನ್ನೂ ಬಿಡದ ಜಿಪುಣ ನಮ್ಮಣ್ಣ ಎಂದು ನಾನು ನಕ್ಕೆ, ವೈನಿಯೂ ನಕ್ಕಳು. ಸಂಜೆ ಬನ್ನಿ ಕೊಡುವಾಗ, ಬಂಗಾರದಂಗ ಇರೋಣ ಎಂದು ಎಲ್ಲರೂ ಅನ್ನುವ ಮಾತನ್ನೇ ಅಂದ, ಆದರೆ ನನ್ನ ಕೈಯನ್ನು ಬೇಗ ಬಿಡಲಿಲ್ಲ. ಸಂತೋಷಕ್ಕೆ ಮಾತು ಬರುತ್ತಿಲ್ಲ ಅಂದುಕೊಂಡೆ. ಆ ಸಂಜೆ ಊರೆಲ್ಲ ತಿರುಗಿ ಬನ್ನಿ ಕೊಟ್ಟವರಿಗೆಲ್ಲ ಗಾಲಿಯ ಕಥೆ ಹೇಳಿದೆ.

ಎರಡು ತಿಂಗಳಿಗೆ ಅಣ್ಣ ಕೆಲಸಕ್ಕೆ ಹೊರಟ. ಮೊದಲ ದಿನವೇ ಫಜೀತಿ. ಹೊಳೆಯ ಕಡೆಯ ಇಳಿಜಾರಿನಲ್ಲಿ ಯಾರದೋ ಜೋಡಿ ಮಾತಿಗೆ ನಿಂತು ಹಿಡಿಕೆ ಬಿಟ್ಟಿದ್ದಾನೆ. ನಾನು ಹಚ್ಚಿದ್ದ ಗಿಡ್ಡ ಕಾಲುಗಳು ಇಳಿಜಾರಿನಲ್ಲಿ ನೆಲಕ್ಕೆ ಆನದೆ, ಪೆಟ್ಟಿಗೆ ತನ್ನಷ್ಟಕ್ಕೆ ತಾನೇ ಹೊರಟುಬಿಟ್ಟಿತು. ಕಲ್ಲಿನ ಮೇಲೆ ಕಬ್ಬಿಣದ ಗಾಲಿಯ ಸಪ್ಪಳ ಬೇರೆ. ಎಮ್ಮೆಗಳು ಬೆದರಿ ಓಡಿದವು, ನೀರು ತರುವ ಹೆಂಗಸರು ಕೊಡ ಇಳಿಸಿ ಗೋಡೆಗೆ ಒತ್ತಿ ನಿಂತರು. ಕಡೆಗೆ ಒಂದು ಕಸದ ತಿಪ್ಪೆಗೆ ಹೋಗಿ ಕೂತಿತಂತೆ. ಅವತ್ತಿನಿಂದ ಜನ ಅಣ್ಣನಿಗೆ ಗಾಡಿ ಬಡಿಗ್ಯಾ ಎಂದು ಹೆಸರಿಟ್ಟರು. ಅವನು ಸಿಟ್ಟಾಗಲಿಲ್ಲ, ಗಾಡಿಗೆ ಎತ್ತು ಕೊಡಸ್ರಿ ಹಂಗಾರ ಎಂದು ಅವರನ್ನೇ ಕಾಡಿಸುತ್ತಿದ್ದನಂತೆ.

ನಾನು ಪ್ರತಿ ಸೂಟಿಗೆ, ಗಿರಣಿಗೆ ರಜೆ ಇದ್ದ ದಿನ, ಹೋಗಿ ಒಂದೊಂದು ತಿದ್ದಿದೆ. ಗಿಡ್ಡ ಕಾಲುಗಳನ್ನು ಬದಲಿಸಿದೆ. ಗಾಲಿಗೆ ಅಡ್ಡ ಕೊಡಲು ಎರಡು ಕಟ್ಟಿಗೆಯ ತುಂಡು ಮಾಡಿ, ಕಳೆಯಬಾರದೆಂದು ದಾರದಿಂದ ಹಿಡಿಕೆಗೇ ಕಟ್ಟಿದೆ. ಹಳೆಯ ಮೋಟಾರಿನ ಟಾಯರನ್ನು ಚಪ್ಪಲಿ ಹೊಲಿಯುವವನಿಂದ ಪಟ್ಟಿಯಾಗಿ ಕೊಯ್ಯಿಸಿ ಗಾಲಿಗೆ ಸುತ್ತಿದೆ, ಸಪ್ಪಳ ನಿಂತಿತು. ಬಿದಿರಿನ ಹಿಡಿಕೆಗೆ ಗಿರಣಿಯಲ್ಲಿ ಬಿಸಾಡಿದ ನೂಲು ಸುತ್ತಿದೆ, ಕೈಗೆ ಬೊಬ್ಬೆ ಬರುವುದು ನಿಂತಿತು. ಖಾನೆ ಬಿಗಿಯಾದಾಗ ಅಂಚಿಗೆ ಮೇಣದ ಬತ್ತಿ ತಿಕ್ಕಿದೆ. ಮುಚ್ಚಳದ ಮೇಲ್ಮೈಗೆ ಹಲಗೆ ತಡೆಯುವ ಗೂಟ ಹೊಡೆದೆ, ಅಣ್ಣ ಪೆಟ್ಟಿಗೆಯನ್ನೇ ಮೇಜು ಮಾಡಿಕೊಂಡು ನಿಂತು ಕೀಸುವಂತಾಯಿತು. ಎಲ್ಲದಕ್ಕೂ ಹೂಂ ಅಂದ. ಒಂದೇ ಒಂದಕ್ಕೆ ಬೇಡ ಅಂದ. ಮುಚ್ಚಳದ ಒಳಗೆ ಅರಗಿನ ಪಾಲಿಶ್ ಕೊಡುತ್ತೇನೆಂದು ಹೋದಾಗ, ಅದನ್ನ ಮುಟ್ಟಬ್ಯಾಡ ಎಂದು ಗದರಿದ. ಅಷ್ಟು ನುಣುಪಾದ ಹಲಗೆಗೆ ಪಾಲಿಶ್ ಯಾಕೆ ಬೇಡವೋ, ಹಳೇ ಕಾಲದ ಮನುಷ್ಯ ಎಂದು ಗೊಣಗಿ ಬಿಟ್ಟೆ.

ಇನ್ನೊಂದು ಕಂಡಿದ್ದೆ. ಸಂಜೆ ಕೆಲಸ ಮುಗಿಸಿ ಮುಚ್ಚಳ ಹಾಕುವ ಮುಂಚೆ ಅವನು ಗರಗಸದ ಹಿಂದೆ ಕೈ ತೂರಿಸಿ ಆ ಹಲಗೆಯ ಮೇಲೆ ಅಂಗೈ ಇಡುತ್ತಿದ್ದ. ನನ್ನ ಕೆಲಸವನ್ನು ಮೆಚ್ಚುತ್ತಿದ್ದಾನೆ ಎಂದು ಉಬ್ಬಿಹೋಗುತ್ತಿದ್ದೆ.

ಹಾಗೆ ನಾಲ್ಕು ವರ್ಷಕ್ಕೂ ಹೆಚ್ಚು ಅವನು ದುಡಿದ. ಗೋಡೆ ನೋಡಿಕೊಂಡು ಸಾಯಬೇಕಾದವನು ಮೂಡಲಗಿಯಲ್ಲಿ ಬಾಗಿಲು ಕೂಡಿಸಿದ, ಹುಕ್ಕೇರಿಯಲ್ಲಿ ಕಿಟಕಿ ಕೆತ್ತಿದ, ಸಂಕೇಶ್ವರದ ತನಕ ಹೋಗಿ ಬಂದ. ಇದೊಂದು ಮಾತನ್ನು ನನ್ನ ಪರವಾಗಿ ನಾನೇ ಹೇಳಿಕೊಳ್ಳುತ್ತೇನೆ, ಬೇರೆ ಹೇಳಿಕೊಳ್ಳಲು ಏನೂ ಇಲ್ಲ.

ಯುದ್ಧದ ಕಾಲ. ಪೆಟ್ರೋಲು ಇರಲಿಲ್ಲ, ಜನ ಸಾಗಿಸುವ ಮೋಟಾರುಗಳ ಹಿಂದೆ ಇದ್ದಿಲಿನ ಒಲೆ ಕಟ್ಟಿ ಆ ಹೊಗೆಯಿಂದ ಓಡಿಸುತ್ತಿದ್ದರು. ಅಣ್ಣ ಮೂಡಲಗಿಯಲ್ಲಿ ಒಬ್ಬ ಕಿರಾಣಿ ವ್ಯಾಪಾರಿಯ ಮನೆಯ ಬಾಗಿಲು ಮಾಡುತ್ತಿದ್ದ. ಮನೆ ಮೋಟಾರು ನಿಲ್ಲುವ ಬಯಲಿಗೆ ಎದುರಾಗಿಯೇ ಇತ್ತು. ಒಂದು ಸೂಟಿಯ ದಿನ ವೈನಿ ಕೊಟ್ಟ ರೊಟ್ಟಿ ಗಂಟು ಒಯ್ದು ಕೊಟ್ಟು, ಇಬ್ಬರೂ ಉಂಡು, ಸಂಜೆಯ ಮೋಟಾರಿಗೆ ನಾನು ಎದ್ದೆ. ಅಣ್ಣ ಮುಚ್ಚಳದಿಂದ ಗರಗಸಗಳನ್ನು ಬಿಚ್ಚಿ ಕೆಳಗಿಟ್ಟಿದ್ದ.

“ಬಾ ಇಲ್ಲೆ. ಬಲಗೈ ಇಡು,” ಅಂದ.

ಹಲಗೆಯ ಮೇಲೆ ಕೈ ಇಟ್ಟೆ. ಅವನು ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ಮಣಿಕಟ್ಟಿನಿಂದ ಹಿಡಿದು ಗೆರೆ ಎಳೆಯತೊಡಗಿದ. ನನಗ ಬಳಿ ಇಡಸಾಕ ಅಳತಿ ತಗೋಳಾಕತ್ತೀಯೇನು ಎಂದು ಕಾಡಿಸಿದೆ. ಅವನು ನಕ್ಕ. ಹೆಬ್ಬೆರಳು ಸುತ್ತಿದ. ತೋರುಬೆರಳು, ನಡುಬೆರಳು. ಉಂಗುರದ ಬೆರಳಿಗೆ ಬರುವಷ್ಟರಲ್ಲಿ ಬಯಲಿನಿಂದ ಮೋಟಾರಿನ ಭೋಂಪು ಕೂಗಿತು. ಮರುದಿನ ಬೆಳಿಗ್ಗೆ ಮೊದಲ ಪಾಳಿ, ತಪ್ಪಿದರೆ ಖಾಡೆ ಬಿದ್ದು ಆ ದಿನದ ಪಗಾರ ಹೋಗುತ್ತದೆ. ನಾನು ಕೈ ಜಗ್ಗಿಕೊಂಡೆ.

“ತಡಿ, ಇನ್ನ ಕಿರಿಬೆರಳ ಐತಿ,” ಅಂದ.

ಮುಂದಿನ ಸಾರಿ ಬಂದಾಗ ಕೊಡುತ್ತೇನೆ, ಬೆರಳೇನು ಓಡಿಹೋಗುವುದಿಲ್ಲ ಎಂದು ಹೇಳಿ ಓಡಿದೆ. ಹಿಂದಿನಿಂದ, ಆತು ಹೋಗು, ಮೋಟಾರ ತಪ್ಪೀತು ಎಂದದ್ದು ಕೇಳಿಸಿತು.

ಮುಂದಿನ ಸಾರಿ ಬರಲಿಲ್ಲ. ಯುದ್ಧದ ಕೆಲಸವೆಂದು ಗಿರಣಿಯಲ್ಲಿ ಸೂಟಿ ತೆಗೆದುಬಿಟ್ಟರು. ಮಳೆಗಾಲದಲ್ಲಿ ಹುಕ್ಕೇರಿಯಿಂದ ಅಣ್ಣನನ್ನು ಜ್ವರದಲ್ಲಿ ಕರೆತಂದರು, ಜ್ವರ ಎದೆಗೆ ಇಳಿದಿತ್ತು. ಸುದ್ದಿ ಬಂದು ನಾನು ಗೋಕಾಕ ಮುಟ್ಟುವಷ್ಟರಲ್ಲಿ ಮಾತು ನಿಂತಿತ್ತು. ನನ್ನನ್ನು ಗುರುತಿಸಿದನೋ ಇಲ್ಲವೋ ತಿಳಿಯದು. ಮರುದಿನ ಮಧ್ಯಾಹ್ನ ಹೋದ. ಪೆಟ್ಟಿಗೆ ಪಡಸಾಲೆಯಲ್ಲಿ, ಗಾಲಿಗೆ ಹುಕ್ಕೇರಿಯ ಕೆಸರು ಹಾಗೇ ಮೆತ್ತಿಕೊಂಡು ನಿಂತಿತ್ತು.

ತಿಥಿಯ ದಿನಗಳೆಲ್ಲ ಮುಗಿದ ಮೇಲೆ ನಾನು ವ್ಯವಹಾರದ ಮನುಷ್ಯನ ಹಾಗೆ ವೈನಿಯ ಮುಂದೆ ಕೂತೆ. ಪೆಟ್ಟಿಗೆಯನ್ನು ನಾನು ಚಾಳಿಗೆ ಒಯ್ಯುತ್ತೇನೆ, ಗಾಲಿ ಸವೆದಿವೆ, ಹೊಸವು ಹಾಕಿ ಚೆನ್ನಾಗಿ ಇಟ್ಟುಕೊಳ್ಳುತ್ತೇನೆ ಎಂದೆ. ವೈನಿ ಪೆಟ್ಟಿಗೆಯ ಕಡೆ ಕೈ ತೋರಿಸಿದಳು.

“ಒಯ್ಯಿ, ನಿಂದ ಅದು. ಆದ್ರ ಮೊದಲ ಆ ಗರಗಸಾ ತಗದು ಮುಚ್ಚಳಾ ನೋಡು. ಹೇಳಬ್ಯಾಡ ಅಂತ ನನ್ನ ಕಡೆ ಆಣಿ ಮಾಡಿಸಿದ್ರು. ಈಗ ಅವರ ಹ್ವಾದ್ರು, ಆಣಿ ಯಾರಿಗೆ ಮುಟ್ಟತೈತಿ?”

ಆಮೇಲೆ ಅವಳು ಹೇಳಿದ್ದು ಇದು. ಅಣ್ಣನಿಗೆ ಹತ್ತು ವರ್ಷವಾದಾಗ ಅಪ್ಪ ಅವನಿಗೆ ಹತ್ಯಾರ ಕೊಟ್ಟನಂತೆ. ಅಂದು ಆ ಮುಚ್ಚಳದ ಒಳಮೈಯ ಮೇಲೆ ಅಪ್ಪ ತನ್ನ ಬಲಗೈ ಇಟ್ಟು ಸುತ್ತ ಗೀರು ಕೊರೆದ. ಅದರೊಳಗೆ ಅಣ್ಣನ ಸಣ್ಣ ಕೈ ಇರಿಸಿ ಅದರ ಸುತ್ತಲೂ ಕೊರೆದ. ಮೂರು ವರ್ಷಕ್ಕೆ ಪ್ಲೇಗು ಬಂತು. ಅಪ್ಪನದು ಅಂತ ಈ ಭೂಮಿಯ ಮೇಲೆ ಉಳಿದದ್ದು ಆ ಗೀರು. ತುಂಬಿದ ಪೆಟ್ಟಿಗೆ ಏಳದ ದಿನಗಳಲ್ಲಿ ಅಣ್ಣ ಮುಚ್ಚಳ ತೆರೆದು ಆ ದೊಡ್ಡ ಕೈಯಲ್ಲಿ ತನ್ನ ಕೈ ಇಟ್ಟು, ಆಮೇಲೆ ಹೊರುತ್ತಿದ್ದನಂತೆ. ಆ ಎರಡು ಕೈಗಳ ಪಕ್ಕದಲ್ಲಿ ಮೂರನೆಯದು ನನ್ನದಾಗಬೇಕಿತ್ತು. ಹತ್ಯಾರ ಕೊಡುವ ದಿನವೇ ತೋರಿಸಬೇಕೆಂದು ಅಣ್ಣ ಕಾದಿದ್ದ. ನಾನು ಗಿರಣಿಗೆ ಹೋದೆ.

ದಸರೆಯ ದಿನ ಮುಚ್ಚಳ ತೆರೆದು ನೋಡಿದ ಮೇಲೆ ಅಣ್ಣ ರಾತ್ರಿ ಊಟ ಮಾಡಲಿಲ್ಲವಂತೆ. ಕೀಸುವ ದನಿ ಕೇಳುತ್ತಿತ್ತು, ಹಗೂರ ತೆಗೆ ಎಂದು ನಾನೇ ಹೇಳಿದೆ ಎಂದು ಅತ್ತನಂತೆ. ನನಗೆ ಹೇಳಿಬಿಡುತ್ತೇನೆಂದು ವೈನಿ ಎದ್ದಾಗ ಅವಳ ಕೈ ಹಿಡಿದು ಕೂಡಿಸಿದನಂತೆ. ಅವನಾಡಿದ ಮಾತನ್ನು ವೈನಿ ಹಾಗೇ ಹೇಳಿದಳು.

“ಅವ ನನ್ನ ಕಾಲ ಮ್ಯಾಲೆ ನಿಂದರಸಾಕ ಮಾಡ್ಯಾನ. ಅಪ್ಪನ ಕೈ ತಗದೀ ಅಂತ ಅವಗ ಹೆಂಗ ಹೇಳ್ಲಿ?”

ಎದ್ದು ಹೋಗಿ ಪಟ್ಟಿ ಬಿಚ್ಚಿ ಗರಗಸ ತೆಗೆದೆ. ನಾನು ನುಣುಪು ಮಾಡಿದ ಹಲಗೆಯ ನಡುವೆ ಒಂದು ಕೈ ಇತ್ತು. ಪೆನ್ಸಿಲಿನ ಗೆರೆಯ ಮೇಲೆ ಉಳಿಯಿಂದ ಆಳವಾಗಿ ಕೊರೆದ ಕೈ. ಮಣಿಕಟ್ಟು, ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳಿನ ತುದಿಯ ತನಕ. ಅಲ್ಲಿಗೆ ಗೀರು ನಿಂತಿತ್ತು. ಕಿರುಬೆರಳಿನ ಜಾಗ ಬಯಲಾಗಿ ಉಳಿದಿತ್ತು.

“ನಿಮ್ಮಪ್ಪನ ಕೈ ನಿನ್ನ ಕೈಯಷ್ಟ ಇತ್ತಂತ,” ಅಂದಳು ವೈನಿ. “ಹೆಬ್ಬೆರಳು ಹೊರಗ ಬಾಗಿದ್ದೂ ಹಂಗ. ನಿನ್ನ ಕೈ ತಗೊಂಡ್ರ ಅಪ್ಪನ ಕೈ ತಿರುಗಿ ಬಂದಂಗ ಅಂತಿದ್ರು. ಕಿರಿಬೆರಳು ನೀವ ಊಹಿಸಿ ಮಾಡಿಕೊಳ್ರಿ ಅಂದ್ನಿ. ಬ್ಯಾಡ, ಅವ ಬರತಾನ ಅಂದ್ರು.”

ನಾನು ಬಲಗೈಯನ್ನು ಆ ಗೀರಿನೊಳಗೆ ಇಟ್ಟೆ. ಸರಿಯಾಗಿ ಕೂತಿತು. ಅಪ್ಪನ ಕೈ ಎಷ್ಟಿತ್ತು ಎಂದು ನನಗೆ ಗೊತ್ತಾದದ್ದು ಹಾಗೆ, ಮೂವತ್ತೈದು ದಾಟಿದ ಮೇಲೆ. ಅಣ್ಣನ ಸಣ್ಣ ಕೈ ಎಲ್ಲಿಂದ ತರಲಿ? ಹತ್ತು ವರ್ಷದ ಆ ಕೈ ಹಂಡೆಯ ಒಲೆಯಲ್ಲಿ ಉರಿದು, ಅವನ ಮೈಮೇಲೆಯೇ ಬಿಸಿನೀರಾಗಿ ಬಿತ್ತು. ನಾನು ಎರೆದಿದ್ದೆ.

ಪೆಟ್ಟಿಗೆ ಈಗ ನನ್ನ ಹತ್ತಿರ ಇದೆ. ಗಾಲಿ ಬದಲಿಸಿಲ್ಲ. ಕಿರುಬೆರಳನ್ನು ಪೂರ್ತಿ ಮಾಡೆಂದು ವೈನಿ ಎಷ್ಟೋ ಸಾರಿ ಹೇಳಿದಳು. ಉಳಿ ತೆಗೆದುಕೊಂಡು ಕೂರುತ್ತೇನೆ, ಕೈ ಬರುವುದಿಲ್ಲ.

ಒಂದು ಮಾತನ್ನು ವೈನಿಗೂ ಹೇಳಿಲ್ಲ, ಇಲ್ಲಿ ಬರೆದು ಮುಗಿಸುತ್ತೇನೆ. ಅಂದು ಮೂಡಲಗಿಯಲ್ಲಿ ನಾನು ಕೈ ಜಗ್ಗಿಕೊಂಡು ಓಡಿ ಹತ್ತಿದ ಮೋಟಾರು ಆಗಲೇ ಹೊರಡಲಿಲ್ಲ. ಇದ್ದಿಲು ಹತ್ತಿಕೊಳ್ಳದೆ ಅರ್ಧ ತಾಸಿಗೂ ಹೆಚ್ಚು ಅಲ್ಲೇ ನಿಂತಿತ್ತು. ಬಯಲಿನಾಚೆ ಅಣ್ಣ ತೆರೆದ ಪೆಟ್ಟಿಗೆಯ ಮುಂದೆ ಪೆನ್ಸಿಲ್ ಹಿಡಿದು ನಿಂತದ್ದು ನನಗೆ ಕಿಟಕಿಯಿಂದ ಚೆನ್ನಾಗಿ ಕಾಣುತ್ತಿತ್ತು. ಅವನೂ ಇತ್ತಲೇ ನೋಡುತ್ತಿದ್ದ. ಇಳಿದರೆ ಕೂತ ಜಾಗ ಹೋದೀತೆಂದು ನಾನು ಇಳಿಯಲಿಲ್ಲ.